ಘಟ್ಟ ಇಳಿಯುವ ಕಾರು, ಕೊಳವೆಯೊಳಗಿನ ಎಣ್ಣೆ

ಶಿರಸಿಯಿಂದ ಕುಮಟೆಗೆ ಹೊರಟ ಕಾರು ದೇವಿಮನೆ ಘಟ್ಟವನ್ನು ಅರ್ಧ ಇಳಿದ ಮೇಲೆ ರಸ್ತೆಯ ಬದಿಗೆ ನಿಲ್ಲುತ್ತದೆ. ಒಳಗಿದ್ದವರಿಗೆ ಕಣಿವೆಯ ಫೋಟೊ ಬೇಕು. ಬಾಗಿಲು ತೆರೆದು ಇಳಿದರೆ ಮೂಗಿಗೆ ಮೊದಲು ಬಡಿಯುವುದು ಕಾಡಿನ ತಂಪಲ್ಲ, ಏನೋ ಸುಟ್ಟ ವಾಸನೆ. ಮುಂದಿನ ಚಕ್ರದ ಹತ್ತಿರ ಕೈ ಒಯ್ದರೆ ಒಲೆಯ ಮುಂದೆ ಕೂತ ಹಾಗೆ ಕಾವು. ‘ಘಟ್ಟದಲ್ಲಿ ಇದೆಲ್ಲ ಮಾಮೂಲು’ ಎನ್ನುತ್ತಾನೆ ಸ್ಟೀರಿಂಗ್ ಹಿಡಿದಿದ್ದ ಹುಡುಗ. ಹತ್ತು ನಿಮಿಷ ಕಳೆದು ಕಾರು ಮತ್ತೆ ಹೊರಡುತ್ತದೆ. ಮೊದಲ ತಿರುವಿನಲ್ಲಿ ಕಾಲಿಟ್ಟರೆ ಬ್ರೇಕ್ ಪೆಡಲ್ ಹತ್ತಿಯ ಗಾದಿಯ ಮೇಲೆ ಕಾಲಿಟ್ಟಂತೆ ಮೆತ್ತಗೆ ಕೆಳಗೆ ಹೋಗುತ್ತದೆ. ಕಾರು ನಿಲ್ಲುವುದಿಲ್ಲ. ಗಾಬರಿಯಿಂದ ಎರಡು ಸಲ, ಮೂರು ಸಲ ಒತ್ತಿದಾಗ ಅರೆಬರೆ ಹಿಡಿಯುತ್ತದೆ. ಹೇಗೋ ಕೆಳಗೆ ತಲುಪಿ ಕುಮಟೆಯ ಗ್ಯಾರೇಜಿಗೆ ಒಯ್ದರೆ ಅಷ್ಟರಲ್ಲಿ ಪೆಡಲ್ ಮೊದಲಿನಂತೆ ಗಟ್ಟಿ. ಎಣ್ಣೆ ಸೋರಿಲ್ಲ, ಏನೂ ಮುರಿದಿಲ್ಲ. ‘ಬ್ರೇಕ್ ಸರಿಯಾಗಿಯೇ ಇದೆ, ನೀವೇ ಹೆದರಿರಬೇಕು’ ಎಂಬ ಪ್ರಮಾಣಪತ್ರದೊಂದಿಗೆ ಕಾರು ಮನೆಗೆ ಮರಳುತ್ತದೆ.

ಇದು ಒಬ್ಬರ ಕಥೆಯಲ್ಲ. ಘಟ್ಟವಿರುವಲ್ಲೆಲ್ಲ ನಡೆಯಬಹುದಾದದ್ದು, ಘಟ್ಟವೇ ಇಲ್ಲದ ಇನ್ನೊಂದು ಜಾಗದಲ್ಲೂ ಹೀಗೆಯೇ ನಡೆಯುತ್ತದೆ. ಆ ಜಾಗ ಮೋಟಾರು ಓಟದ ಟ್ರ್ಯಾಕು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ, ಕೊಯಮತ್ತೂರಿನ ಹತ್ತಿರದ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ವೃತ್ತಿಪರರ ಸ್ಪರ್ಧೆಗಳು ಮಾತ್ರವಲ್ಲ, ಹವ್ಯಾಸಿಗಳು ಶುಲ್ಕ ಕೊಟ್ಟು ತಮ್ಮದೇ ಕಾರನ್ನು ಓಡಿಸುವ ದಿನಗಳೂ ಇರುತ್ತವೆ. ‘ಟ್ರ್ಯಾಕ್ ಡೇ’ ಎಂದು ಅದಕ್ಕೆ ಹೆಸರು. ಬೆಂಗಳೂರಿನಲ್ಲಿ ಓದುವ, ಕೆಲಸ ಮಾಡುವ ನಮ್ಮ ಕಡೆಯ ಹುಡುಗರಿಗೂ ಈಗ ಇದರ ಗೀಳು ಹತ್ತಿದೆ. ಸಾರ್ವಜನಿಕ ರಸ್ತೆಯಲ್ಲಿ ಹುಚ್ಚಾಟ ಮಾಡುವ ಬದಲು ಅಲ್ಲಿಗೆ ಹೋಗುವುದೇ ಎಷ್ಟೋ ಲೇಸು ಎಂಬುದನ್ನು ಪಾಲಕರು ಮೊದಲು ಒಪ್ಪಿಕೊಳ್ಳಬೇಕು. ಆದರೆ ದಿನಾ ಕಾಲೇಜಿಗೆ, ಪೇಟೆಗೆ ಹೋಗುವ ಕಾರನ್ನು ಅದೇ ಸ್ಥಿತಿಯಲ್ಲಿ ಟ್ರ್ಯಾಕಿಗೆ ಒಯ್ದವನ ಎಂಜಿನ್ನು ಕೈಕೊಡುವುದು ಅಪರೂಪ. ಆರೇಳು ಸುತ್ತಿನಲ್ಲಿ ಸೋಲುವುದು ಬ್ರೇಕು. ಅದರಲ್ಲೂ ಹೊರಗೆ ಕಾಣುವ ಡಿಸ್ಕಿಗಿಂತ ಮೊದಲು ಕಾಣದ ಕೊಳವೆ ಮತ್ತು ಅದರೊಳಗಿನ ಎಣ್ಣೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹುಡುಗನಿಗೆ ಟ್ರ್ಯಾಕ್ ದೂರ. ಆದರೆ ಬ್ರೇಕಿನ ದೃಷ್ಟಿಯಿಂದ ನೋಡಿದರೆ ಟ್ರ್ಯಾಕು ಅವನ ಮನೆಯಂಗಳದಲ್ಲೇ ಇದೆ. ಶಿರಸಿಯವರಿಗೆ ದೇವಿಮನೆ, ಸಿದ್ದಾಪುರದವರಿಗೆ ದೊಡ್ಡಮನೆ ಘಟ್ಟ, ಯಲ್ಲಾಪುರದವರಿಗೆ ಅರಬೈಲ್. ಯಾವ ದಾರಿಯಲ್ಲಿ ಸಮುದ್ರ ನೋಡಲು ಹೊರಟರೂ ಇಳಿಯದೆ ವಿಧಿಯಿಲ್ಲ.

ಪಿಯುಸಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ನಾಲ್ಕು ಜನ, ಒಂದಿಷ್ಟು ಸಾಮಾನು ಸೇರಿ ಕಾರಿನ ತೂಕ ೧,೨೦೦ ಕಿಲೋ ಎನ್ನೋಣ. ಘಟ್ಟದ ಮೇಲಿಂದ ಕರಾವಳಿಗೆ ಇಳಿಯುವಾಗ ಎತ್ತರದಲ್ಲಿ ಸುಮಾರು ೫೦೦ ಮೀಟರ್ ಕಳೆಯುತ್ತದೆ ಎಂದು ಇಟ್ಟುಕೊಳ್ಳೋಣ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು ೫೯ ಲಕ್ಷ ಜೌಲ್. ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಸ್ವಲ್ಪ ಗಾಳಿಯ ತಡೆಗೆ ಹೋಗುತ್ತದೆ, ಸ್ವಲ್ಪ ಟಯರಿಗೆ. ಗೇರಿನಲ್ಲಿ ಇಳಿಸಿದರೆ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತದೆ. ನ್ಯೂಟ್ರಲ್ಲಿನಲ್ಲಿ ಇಳಿಸಿದರೆ ಬಹುಪಾಲು ಬ್ರೇಕಿನ ಪಾಲಿಗೆ, ಶಾಖವಾಗಿ. ಎರಡು ಲೀಟರಿಗೂ ಹೆಚ್ಚು ನೀರನ್ನು ಪೂರ್ತಿ ಕುದಿಸಿ ಆವಿ ಮಾಡಿ ಮುಗಿಸಲು ಸಾಕಾಗುವಷ್ಟು ಶಾಖ ಅದು. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿರುವ ಅದೇ ಕಾರನ್ನು ಒಮ್ಮೆ ಪೂರ್ತಿ ನಿಲ್ಲಿಸಲು ಸುಮಾರು ೧.೬೭ ಲಕ್ಷ ಜೌಲ್ ಶಾಖ ಹುಟ್ಟುತ್ತದೆ. ಅಂದರೆ ನ್ಯೂಟ್ರಲ್ಲಿನಲ್ಲಿ ಘಟ್ಟ ಇಳಿಯುವುದು, ಅರವತ್ತರ ವೇಗದಿಂದ ೩೫ ಸಲ ಬೆನ್ನುಬೆನ್ನಿಗೆ ಕಾರು ನಿಲ್ಲಿಸಿದ್ದಕ್ಕೆ ಸಮ. ಟ್ರ್ಯಾಕಿನ ಲೆಕ್ಕವೂ ಇದೇ ಜಾತಿಯದು: ೧೨೦ರಿಂದ ೬೦ಕ್ಕೆ ಇಳಿಸುವ ಒಂದೊಂದು ತಿರುವಿಗೂ ಐದು ಲಕ್ಷ ಜೌಲ್. ಹನ್ನೆರಡು ತಿರುವು ತೆಗೆದುಕೊಂಡರೆ ಒಂದು ದೇವಿಮನೆ ಮುಗಿಯಿತು.

ಈ ಕಾವು ಹುಟ್ಟುವುದು ಡಿಸ್ಕ್ ಮತ್ತು ಪ್ಯಾಡುಗಳ ನಡುವೆ. ಅಲ್ಲಿಂದ ಪ್ಯಾಡಿನ ಬೆನ್ನಿಗೆ, ಪಿಸ್ಟನ್ನಿಗೆ, ಪಿಸ್ಟನ್ನಿನ ಹಿಂದೆ ತುಂಬಿರುವ ಎಣ್ಣೆಗೆ ಏರುತ್ತದೆ. ಗ್ಯಾರೇಜಿನಲ್ಲಿ ‘ಬ್ರೇಕ್ ಆಯಿಲ್’ ಎಂದರೂ ಅದು ಎಂಜಿನ್ ಆಯಿಲಿನಂತಹ ಎಣ್ಣೆಯಲ್ಲ. ಗ್ಲೈಕಾಲ್ ವರ್ಗಕ್ಕೆ ಸೇರಿದ ದ್ರವ. ಅದರ ಕೆಲಸ ಸರಳ. ಕಾಲಿನ ಒತ್ತಡವನ್ನು ಪೆಡಲಿನಿಂದ ಚಕ್ರದವರೆಗೆ ಹಾಗೆಯೇ ಮುಟ್ಟಿಸುವುದು. ಪ್ಯಾಸ್ಕಲ್ಲನ ನಿಯಮವೆಂದು ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದು ಇದೇ. ದ್ರವವನ್ನು ಹಿಸುಕಿ ಸಣ್ಣದು ಮಾಡಲಾಗುವುದಿಲ್ಲ, ಆದ್ದರಿಂದ ಒತ್ತಡ ಪೋಲಾಗುವುದಿಲ್ಲ. ಕಾರಿನ ಟಯರಿನಲ್ಲಿ ಗಾಳಿಯ ಒತ್ತಡ ವಾಯುಭಾರದ ಎರಡು ಪಟ್ಟಿನ ಆಸುಪಾಸು ಇರುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಬೆರಳಿಗಿಂತ ಸಪೂರವಾದ ಬ್ರೇಕ್ ಕೊಳವೆಯೊಳಗೆ ಅದು ಐವತ್ತು ಪಟ್ಟು ದಾಟುತ್ತದೆ, ನೂರರ ಹತ್ತಿರಕ್ಕೂ ಹೋಗುತ್ತದೆ.

ಅಬ್ಬಿ ನೀರಿಗೆ ಪೈಪು ಹಾಕಿಸಿಕೊಂಡ ಮನೆಗಳ ಮಕ್ಕಳಿಗೆ ಮುಂದಿನದನ್ನು ವಿವರಿಸುವ ಅಗತ್ಯವೇ ಇಲ್ಲ. ಗುಡ್ಡದಿಂದ ಬರುವ ಪೈಪಿನಲ್ಲಿ ಎಲ್ಲೋ ಒಂದು ಕಡೆ ಗಾಳಿ ಹಿಡಿದರೆ ಮೇಲೆ ನೀರಿದ್ದರೂ ಕೆಳಗಿನ ನಲ್ಲಿಯಲ್ಲಿ ಬರುವುದಿಲ್ಲ. ಬ್ರೇಕಿನ ಕೊಳವೆಯಲ್ಲೂ ಹಾಗೆ. ಗಾಳಿಯನ್ನಾಗಲಿ ಆವಿಯನ್ನಾಗಲಿ ಹಿಸುಕಬಹುದು. ದ್ರವ ಕುದಿದು ಆವಿಯ ಗುಳ್ಳೆ ಎದ್ದಿತೆಂದರೆ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಸುಕುವುದರಲ್ಲೇ ಖರ್ಚಾಗುತ್ತದೆ. ಚಕ್ರಕ್ಕೆ ಏನೂ ಮುಟ್ಟುವುದಿಲ್ಲ. ಪೆಡಲ್ ಗಾದಿಯಂತಾಗುವುದು ಅದಕ್ಕೇ.

ಫೋಟೊಕ್ಕೆ ನಿಂತ ಕಾರಿಗೆ ನಿಂತ ಮೇಲೆಯೇ ಯಾಕೆ ಹೀಗಾಯಿತು ಎಂಬ ಪ್ರಶ್ನೆಗೂ ಉತ್ತರ ಇಲ್ಲಿದೆ. ಓಡುವಾಗ ಗಾಳಿ ಬೀಸಿ ಡಿಸ್ಕನ್ನು ತಣಿಸುತ್ತಿರುತ್ತದೆ. ನಿಂತೊಡನೆ ಗಾಳಿ ನಿಂತಿತು. ಕೆಂಡದಂತೆ ಕಾದ ಡಿಸ್ಕಿನ ಶಾಖ ಹೋಗಲು ಬೇರೆ ದಾರಿಯಿಲ್ಲದೆ ನಿಧಾನವಾಗಿ ಕ್ಯಾಲಿಪರಿಗೆ, ಎಣ್ಣೆಗೆ ಏರಿತು. ಜೊತೆಗೆ, ಪೆಡಲ್ ಮೇಲಿಂದ ಕಾಲು ತೆಗೆದಾಗ ಕೊಳವೆಯೊಳಗಿನ ಒತ್ತಡವೂ ಇಳಿದುಬಿಡುತ್ತದೆ. ಒತ್ತಡ ಕಡಿಮೆಯಾದರೆ ದ್ರವ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಪ್ರೆಷರ್ ಕುಕ್ಕರಿನ ಪಾಠವನ್ನು ತಿರುಗಿಸಿ ಓದಿದರೆ ಸಾಕು. ಹಾಗಾಗಿ ಅಪಾಯ ಪ್ರಕಟವಾಗುವುದು ಬ್ರೇಕ್ ಒತ್ತಿ ಹಿಡಿದಾಗಲ್ಲ, ಬಿಟ್ಟು ಮತ್ತೆ ಒತ್ತುವಾಗ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಸಾಕ್ಷಿ ಮಾಯವಾಗುತ್ತದೆ. ಕುಮಟೆಯ ಮೆಕ್ಯಾನಿಕ್ ಸುಳ್ಳು ಹೇಳಲಿಲ್ಲ, ಅವನ ಕೈಗೆ ಸಾಕ್ಷಿ ಸಿಗಲಿಲ್ಲ ಅಷ್ಟೆ.

ಡಬ್ಬಿಯ ಮೇಲೆ ‘ಡಾಟ್ ೩’, ‘ಡಾಟ್ ೪’ ಎಂದೆಲ್ಲ ಬರೆದಿರುವುದನ್ನು ನೋಡಿದವರಿದ್ದಾರೆ, ಅರ್ಥ ಕೇಳಿದವರು ಕಡಿಮೆ. ಅದು ಅಮೆರಿಕದ ಸಾರಿಗೆ ಇಲಾಖೆಯ ವರ್ಗೀಕರಣ. ಹೊಸ ಡಾಟ್ ೩ ದ್ರವ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಡಾಟ್ ೪ ಕನಿಷ್ಠ ೨೩೦ ಡಿಗ್ರಿ ತನಕ, ಡಾಟ್ ೫.೧ ಕನಿಷ್ಠ ೨೬೦. ಈ ಸಂಖ್ಯೆಗಳ ಪಕ್ಕದಲ್ಲಿ ಇನ್ನೊಂದು ಸಾಲು ಇರುತ್ತದೆ, ಅದೇ ಮುಖ್ಯ. ದ್ರವದಲ್ಲಿ ನೂರಕ್ಕೆ ೩.೭ರಷ್ಟು ನೀರು ಸೇರಿದ ಮೇಲೆ ಇವೇ ದ್ರವಗಳಿಂದ ನಿರೀಕ್ಷಿಸುವುದು ಕ್ರಮವಾಗಿ ೧೪೦, ೧೫೫ ಮತ್ತು ೧೮೦ ಡಿಗ್ರಿ ಮಾತ್ರ. ಅಷ್ಟೇ ನೀರು ಸುಮಾರು ೭೦ ಡಿಗ್ರಿ ಅಂತರವನ್ನು ತಿಂದುಹಾಕುತ್ತದೆ.

ಮುಚ್ಚಿದ ಕೊಳವೆಯೊಳಗೆ ನೀರು ಎಲ್ಲಿಂದ ಬಂತು? ಗಾಳಿಯಿಂದ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿದವರಿಗೆ ಇದು ಹೊಸದಲ್ಲ. ಮುಚ್ಚಳ ಹಾಕಿಟ್ಟರೂ ಉಪ್ಪು ಒದ್ದೆಯಾಗುತ್ತದೆ. ಈ ಗ್ಲೈಕಾಲ್ ದ್ರವಕ್ಕೂ ಅದೇ ಗುಣ. ಎಣ್ಣೆ ಡಬ್ಬಿಯ ಮುಚ್ಚಳದ ಸಣ್ಣ ಗಾಳಿರಂಧ್ರದಿಂದ, ರಬ್ಬರ್ ಕೊಳವೆಯ ಗೋಡೆಯ ಮೂಲಕವೇ ತೇವಾಂಶ ಒಳಗೆ ನುಸುಳುತ್ತದೆ. ಒಣ ಹವೆಯ ಊರಿನಲ್ಲಿ ಕಾರು ಇಟ್ಟುಕೊಂಡವನಿಗೂ, ಜೂನಿನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಿಸಲು ಒದ್ದಾಡುವ ಸಿದ್ದಾಪುರದವನಿಗೂ ಒಂದೇ ಗಡುವು ಎನ್ನುವುದು ಸರಿಯಲ್ಲ. ಬಹಳಷ್ಟು ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬ್ರೇಕ್ ಎಣ್ಣೆ ಬದಲಿಸಿ ಎನ್ನುತ್ತವೆ. ಮಲೆನಾಡಿನಲ್ಲಿ ಅದನ್ನು ಗರಿಷ್ಠ ಮಿತಿ ಎಂದು ತಿಳಿಯುವುದು ಕ್ಷೇಮ. ನೆನಪಿಡಲು ಕ್ಯಾಲೆಂಡರಿನ ಅಗತ್ಯವಿಲ್ಲ. ಶಿರಸಿಯ ಮಾರಿಕಾಂಬೆಯ ಜಾತ್ರೆಯೂ ಎರಡು ವರ್ಷಕ್ಕೊಮ್ಮೆಯೇ ಬರುತ್ತದೆ: ೨೦೨೨, ೨೦೨೪, ಹೀಗೆ ಸಮಸಂಖ್ಯೆಯ ವರ್ಷಗಳಲ್ಲಿ. ಅದೂ ಬೇಸಿಗೆಯ ಬಾಗಿಲಿಗೆ. ಜಾತ್ರೆಗೊಮ್ಮೆ ಬ್ರೇಕ್ ಎಣ್ಣೆ ಬದಲಿಸಿದರೆ ಮಳೆಗಾಲಕ್ಕೆ ಮುಂಚೆ ಹೊಸ ಎಣ್ಣೆ ತುಂಬಿಸಿಕೊಂಡ ಹಾಗಾಯಿತು. ಟ್ರ್ಯಾಕಿಗೆ ಹೋಗುವವರಿಗೆ ಈ ಲೆಕ್ಕವೂ ಸಾಲದು. ಅವರು ಬಳಸುವ ವಿಶೇಷ ದ್ರವಗಳ ಕುದಿಬಿಂದು ೩೦೦ ಡಿಗ್ರಿಯನ್ನೂ ದಾಟುತ್ತದೆ, ಆದರೆ ಒಮ್ಮೆ ತೇವ ಕುಡಿದರೆ ಆ ಹೆಚ್ಚುಗಾರಿಕೆ ಉಳಿಯುವುದಿಲ್ಲ. ಆದ್ದರಿಂದ ಟ್ರ್ಯಾಕಿಗೆ ಹೊರಡುವ ಮುನ್ನ ಹೊಸ ಎಣ್ಣೆ ಎಂಬುದು ಅನುಭವಿಗಳ ರೂಢಿ.

ಇಲ್ಲಿ ಒಂದು ಕಿವಿಮಾತು. ಹೋದ ಸಲ ಉಳಿದ ಅರ್ಧ ಡಬ್ಬಿ ಎಣ್ಣೆಯನ್ನು ಗ್ಯಾರೇಜಿನ ಮೂಲೆಯಿಂದ ತೆಗೆದು ಸುರಿಯುವ ಮಿತವ್ಯಯ ಬೇಡ. ಮುಚ್ಚಳ ತೆರೆದ ಡಬ್ಬಿ ಒಂದು ಮಳೆಗಾಲ ಕಳೆದಿದ್ದರೆ ಅದು ಹಳೆಯ ಎಣ್ಣೆಯೇ. ಎಣ್ಣೆಯೆಲ್ಲ ಒಂದೇ ಎಂದು ಎಂಜಿನ್ ಆಯಿಲ್ ಸುರಿದವರೂ ಇದ್ದಾರೆ; ಖನಿಜ ತೈಲ ತಾಗಿದರೆ ಬ್ರೇಕಿನ ರಬ್ಬರ್ ವಾಶರುಗಳೆಲ್ಲ ಉಬ್ಬಿ ಹಾಳಾಗುತ್ತವೆ, ಆಮೇಲೆ ಇಡೀ ವ್ಯವಸ್ಥೆಯನ್ನೇ ಬಿಚ್ಚಬೇಕು. ಡಾಟ್ ೫ ಎಂಬ ಸಿಲಿಕೋನ್ ದ್ರವ ಬೇರೆಯೇ ಜಾತಿ. ಹೆಸರು ಹತ್ತಿರವಿದೆಯೆಂದು ಡಾಟ್ ೫.೧ರ ಜೊತೆ ಬೆರೆಸಬಾರದು.

ಇನ್ನು ಕೊಳವೆ. ಮಾಸ್ಟರ್ ಸಿಲಿಂಡರಿನಿಂದ ಚಕ್ರದ ಹತ್ತಿರದವರೆಗೆ ಬರುವುದು ಉಕ್ಕಿನ ಸಪೂರ ಕೊಳವೆ. ಆದರೆ ಚಕ್ರ ಮೇಲೆ ಕೆಳಗೆ ಕುಣಿಯಬೇಕು, ಮುಂದಿನದು ಎಡಬಲಕ್ಕೂ ತಿರುಗಬೇಕು. ಅಲ್ಲಿ ಉಕ್ಕು ನಡೆಯದು. ಕೊನೆಯ ಒಂದು ಮೊಳದಷ್ಟು ಉದ್ದಕ್ಕೆ ಬಳುಕುವ ರಬ್ಬರ್ ಹೋಸ್. ಅದರ ಗೋಡೆಯೊಳಗೆ ನೂಲಿನ ಹೆಣಿಗೆ ಇರುತ್ತದೆ. ಇಡೀ ವ್ಯವಸ್ಥೆಯ ಬಡಪಾಯಿ ಅಂಗ ಇದೇ. ದೊಡ್ಡ ಟಯರ್ ಹಾಕಿಸಿದ ಕಾರಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಯರ್ ಇದನ್ನು ಸವರುತ್ತದೆ. ತೋಟದ ರಸ್ತೆಯ ಕೆಸರು ಮೆತ್ತಿ ಒಣಗಿ ಕಿತ್ತು ಬರುತ್ತದೆ. ವಯಸ್ಸಾದ ರಬ್ಬರ್ ಮಡಚುವಲ್ಲಿ ಬಿರಿಯುತ್ತದೆ. ಪ್ಯಾಡ್ ಬದಲಿಸುವಾಗ ಭಾರದ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ ಇಡದೆ ಹೋಸಿನಿಂದಲೇ ಜೋತುಬಿಡುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ. ಎಣ್ಣೆ ನಿಲ್ಲಿಸಲು ಇಕ್ಕಳದಲ್ಲಿ ಹೋಸನ್ನೇ ಒತ್ತಿಹಿಡಿಯುವುದೂ ಉಂಟು. ಹೊರಗೆ ಗಾಯ ಕಾಣುವುದಿಲ್ಲ, ಒಳಪದರ ಹರಿದಿರುತ್ತದೆ. ಹರಿದ ಪದರ ಕೆಲವೊಮ್ಮೆ ಬಾಗಿಲಿನಂತೆ ವರ್ತಿಸುತ್ತದೆ: ಒತ್ತಿದಾಗ ಎಣ್ಣೆ ಹೋಗುತ್ತದೆ, ಬಿಟ್ಟಾಗ ಹಿಂದೆ ಬರುವುದಿಲ್ಲ. ಆ ಚಕ್ರದ ಬ್ರೇಕ್ ಹಿಡಿದೇ ಇರುತ್ತದೆ. ಕಾರು ಒಂದು ಕಡೆಗೆ ಎಳೆಯುತ್ತದೆ, ಒಂದೇ ಚಕ್ರ ಕಾಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಮಾಲೀಕ ವ್ಹೀಲ್ ಅಲೈನ್‌ಮೆಂಟ್ ಮಾಡಿಸುತ್ತಾನೆ.

ಟ್ರ್ಯಾಕಿನ ಹುಡುಗರು ರಬ್ಬರಿನ ಬದಲು ಉಕ್ಕಿನ ತಂತಿ ಹೆಣೆದ ಹೋಸ್ ಹಾಕಿಸುತ್ತಾರೆ. ಒಳಗೆ ಟೆಫ್ಲಾನ್ ನಳಿಗೆ, ಹೊರಗೆ ಹೊಳೆಯುವ ಜಾಲರಿ. ಒತ್ತಡಕ್ಕೆ ಉಬ್ಬುವುದು ಕಡಿಮೆ, ಆದ್ದರಿಂದ ಪೆಡಲ್ ಗಟ್ಟಿ ಎನಿಸುತ್ತದೆ. ನಿಜವೇ. ಆದರೆ ನಮ್ಮ ಕಡೆ ಈಗ ಬೈಕಿನ ಹುಡುಗರೂ ಹೊಳಪಿಗೆ ಮರುಳಾಗಿ ಇದನ್ನು ಹಾಕಿಸುತ್ತಿದ್ದಾರಲ್ಲ, ಅವರು ತಿಳಿಯಬೇಕಾದ ಮಾತು ಬೇರೆ. ಜಾಲರಿಯ ಒಳಗಿನ ನಳಿಗೆ ಬಿರಿದರೆ ಹೊರಗಿನಿಂದ ಕಾಣದು. ಸರಿಯಾಗಿ ಕ್ಲಿಪ್ ಹಾಕದಿದ್ದರೆ ಆ ಜಾಲರಿ ಗರಗಸದ ಹಾಗೆ ಪಕ್ಕದ ವಸ್ತುವನ್ನೆಲ್ಲ ಕೊರೆಯುತ್ತದೆ. ತಿರುಚಿಕೊಂಡಂತೆ ಕೂರಿಸಿದರೆ ಫಿಟ್ಟಿಂಗಿನ ಬುಡದಲ್ಲಿ ಮುರಿಯುತ್ತದೆ. ಎಣ್ಣೆ ಕುದಿಯುವುದನ್ನಂತೂ ಯಾವ ಹೋಸೂ ತಡೆಯುವುದಿಲ್ಲ. ಮನೆಬಳಕೆಯ ಕಾರಿಗೆ ಕಂಪನಿಯದೇ ಹೊಸ ರಬ್ಬರ್ ಹೋಸು, ಹೊಸ ಎಣ್ಣೆ, ಹೋಸಿನ ಕೀಲಿಗೆ ಹೊಸ ತಾಮ್ರದ ವಾಶರು ಇಷ್ಟು ಹಾಕಿಸಿದರೆ ಹೊಳೆಯುವ ಜಾಲರಿಗಿಂತ ಹೆಚ್ಚು ಪ್ರಯೋಜನ. ಟ್ರ್ಯಾಕ್ಟರ್ ಹೈಡ್ರಾಲಿಕ್ ಅಂಗಡಿಯಲ್ಲಿ ಅಳತೆಗೆ ತಕ್ಕಂತೆ ಹೋಸ್ ಕಟ್ಟಿಸಿ ತರುವ ಜಾಣತನವಂತೂ ಬೇಡವೇ ಬೇಡ. ಅದು ಖನಿಜ ತೈಲಕ್ಕೆಂದು ಮಾಡಿದ ರಬ್ಬರು.

ದ್ರವದಿಂದ ಬ್ರೇಕ್ ಹಿಡಿಸುವ ಯೋಚನೆಗೆ ನೂರು ವರ್ಷ ದಾಟಿತು. ಮಾಲ್ಕಮ್ ಲಾಕ್‌ಹೀಡ್ ಎಂಬ ಅಮೆರಿಕನ್ ೧೯೧೭ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ೧೯೨೧ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಅದು ಬಂತು. ಆ ಕಾಲದ ದ್ರವದಲ್ಲಿ ಮದ್ಯಸಾರದ ಜೊತೆ ಹರಳೆಣ್ಣೆ ಇರುತ್ತಿತ್ತು. ಬಹುಕಾಲ ಎಲ್ಲ ಚಕ್ರಗಳಿಗೂ ಸೇರಿ ಒಂದೇ ಸುತ್ತು. ಎಲ್ಲಿ ತೂತಾದರೂ ನಾಲ್ಕೂ ಚಕ್ರ ಕೈಬಿಟ್ಟಂತೆ. ಮಲೆನಾಡಿನವರು ಪ್ರೀತಿಯಿಂದ ಸಾಕಿಕೊಂಡಿದ್ದ ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳದೂ ಇದೇ ವ್ಯವಸ್ಥೆ. ಈಗಿನ ಕಾರುಗಳಲ್ಲಿ ಎರಡು ಪ್ರತ್ಯೇಕ ಸುತ್ತುಗಳಿರುತ್ತವೆ, ಒಂದು ಸೋರಿದರೂ ಎರಡು ಚಕ್ರ ಉಳಿಯುತ್ತವೆ. ಆದರೆ ಪೆಡಲ್ ತುಂಬ ಕೆಳಗೆ ಹೋಗಿ ಹಿಡಿಯುತ್ತದೆ, ನಿಲ್ಲುವ ದೂರ ಬಹಳ ಹೆಚ್ಚುತ್ತದೆ. ಹಳೆ ಜೀಪನ್ನು ಹೊಸ ಬಣ್ಣ ಹೊಡೆಸಿ ಜೋಗ ತೋರಿಸಲು ಸ್ನೇಹಿತರನ್ನು ತುಂಬಿಕೊಂಡು ಹೊರಡುವ ಹುಡುಗರು, ಬಾನೆಟ್ ತೆಗೆದು ಅದರಲ್ಲಿ ಒಂದು ಸುತ್ತಿದೆಯೋ ಎರಡೋ ಎಂದು ಒಮ್ಮೆ ನೋಡಬೇಕು.

ಇದೇ ತತ್ವವನ್ನು ಎಂಜಿನಿಯರಿಂಗ್ ಕಾಲೇಜುಗಳ ಸ್ಪರ್ಧೆಗಳು ಕಡ್ಡಾಯ ಮಾಡಿವೆ. ವಿದ್ಯಾರ್ಥಿಗಳೇ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಸ್ಪರ್ಧೆ ಭಾರತದಲ್ಲಿ ‘ಫಾರ್ಮುಲಾ ಭಾರತ್’ ಎಂಬ ಹೆಸರಿನಲ್ಲಿ ಕೊಯಮತ್ತೂರಿನಲ್ಲಿ ನಡೆಯುತ್ತದೆ. ಒರಟು ನೆಲದ ‘ಬಾಹಾ’ ಸ್ಪರ್ಧೆ ೨೦೦೭ರಿಂದ ಮಧ್ಯಪ್ರದೇಶದ ಪೀಥಂಪುರದ ಹೆಸರಿನೊಂದಿಗೆ ಬೆಳೆದು ಬಂದಿದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ‘ಅಶ್ವ’ ತಂಡದಂಥವು ಈ ಕ್ಷೇತ್ರದಲ್ಲಿ ಹೆಸರು ಮಾಡಿವೆ. ಹುಬ್ಬಳ್ಳಿಗೋ ಬೆಂಗಳೂರಿಗೋ ಮೆಕ್ಯಾನಿಕಲ್ ಓದಲು ಹೋಗುವ ಶಿರಸಿಯ ಹುಡುಗ ಹುಡುಗಿಯರು ಮುಂದೆ ಇಂಥ ತಂಡಗಳ ಬಾಗಿಲು ತಟ್ಟಬಹುದು. ಅಲ್ಲಿನ ನಿಯಮಗಳು ಓದಲು ಸ್ವಾರಸ್ಯವಾಗಿವೆ. ಎರಡು ಸ್ವತಂತ್ರ ಸುತ್ತುಗಳಿರಬೇಕು, ಫಾರ್ಮುಲಾ ಕಾರಿನಲ್ಲಿ ಪ್ರತಿಯೊಂದಕ್ಕೂ ಅದರದೇ ಎಣ್ಣೆ ಸಂಗ್ರಹವಿರಬೇಕು. ಕವಚವಿಲ್ಲದ ಪ್ಲಾಸ್ಟಿಕ್ ಕೊಳವೆ ನಿಷಿದ್ಧ. ಚೈನು, ಗೇರು ಮುರಿದು ಸಿಡಿದರೆ ಕೊಳವೆಗೆ ತಾಗದಂತೆ ಅಡ್ಡಗವಚ ಬೇಕು. ಪೆಡಲ್ ೨,೦೦೦ ನ್ಯೂಟನ್ ಬಲ ತಡೆಯಬೇಕು, ಅಂದರೆ ೨೦೦ ಕಿಲೋದಷ್ಟು ಭಾರ. ಇಷ್ಟೆಲ್ಲ ಕಾಗದದ ಮೇಲೆ ಒಪ್ಪಿಗೆಯಾದ ಮೇಲೆ ಕಾರನ್ನು ಓಡಿಸಿ, ಸೂಚನೆ ಕೊಟ್ಟಾಗ ಬ್ರೇಕ್ ಒತ್ತಿ, ನಾಲ್ಕೂ ಚಕ್ರ ಒಟ್ಟಿಗೆ ಬಿಗಿದು ಕಾರು ನೇರವಾಗಿ ನಿಲ್ಲಬೇಕು. ನಿಲ್ಲದಿದ್ದರೆ ವರ್ಷವಿಡೀ ನಿದ್ದೆಗೆಟ್ಟು ಕಟ್ಟಿದ ಕಾರು ಓಟಕ್ಕೆ ಇಳಿಯುವುದಿಲ್ಲ. ಇತ್ತ ರಸ್ತೆಯ ಮೇಲಿನ ಖಾಸಗಿ ಕಾರಿಗೆ ನೋಂದಣಿಯ ಮೊದಲ ೧೫ ವರ್ಷದ ಅವಧಿಯಲ್ಲಿ ಸರಕಾರದ ಕಡೆಯಿಂದ ಯಾರೂ ಕೆಳಗೆ ಬಗ್ಗಿ ಬ್ರೇಕ್ ಕೊಳವೆ ನೋಡುವುದಿಲ್ಲ. ವಿದ್ಯಾರ್ಥಿಗಳ ಆಟದ ಕಾರಿಗೆ ಇರುವ ಪರೀಕ್ಷೆ ಅಪ್ಪನ ಕಾರಿಗೆ ಇಲ್ಲ.

ಲಾರಿ, ಬಸ್ಸುಗಳದು ಬೇರೆ ಕಥೆ. ಅವುಗಳಲ್ಲಿ ಎಣ್ಣೆಯ ಬದಲು ಗಾಳಿಯ ಒತ್ತಡ. ಗಾಳಿ ಪೂರ್ತಿ ಸೋರಿಹೋದರೆ ಸ್ಪ್ರಿಂಗ್ ಬಿಗಿದು ಚಕ್ರವನ್ನು ಹಿಡಿದು ನಿಲ್ಲಿಸುವ ಏರ್ಪಾಡು ಈಗಿನವುಗಳಲ್ಲಿ ಇರುತ್ತದೆ. ಆದರೆ ಲೈನರ್ ಕಾದು ಹಿಡಿತ ಬಿಡುವ ತೊಂದರೆ ಅವಕ್ಕೂ ತಪ್ಪಿದ್ದಲ್ಲ. ಅರಬೈಲಿನಲ್ಲಿ ಭಾರದ ಲಾರಿಗಳ ಹಿಂದೆ ಬರುವ ಸುಟ್ಟ ವಾಸನೆ ಅದೇ. ೨೦೨೫ರ ಜನವರಿ ೨೨ರ ನಸುಕಿನಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟ ತರಕಾರಿ ಹಣ್ಣಿನ ವ್ಯಾಪಾರಿಗಳ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಈ ಘಟ್ಟದ ಕಂದಕಕ್ಕೆ ಉರುಳಿ ಹತ್ತು ಮಂದಿ ಸತ್ತರು. ಅಲ್ಲಿ ಕಾರಣವೆಂದು ಹೇಳಿದ್ದು ಬ್ರೇಕನ್ನಲ್ಲ, ಇನ್ನೊಂದು ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಸರಿದದ್ದನ್ನು. ಟ್ರ್ಯಾಕಿಗೂ ಘಟ್ಟಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಟ್ರ್ಯಾಕಿನಲ್ಲಿ ತಪ್ಪಿದವನಿಗೆ ಮರಳಿನ ಹಾಸು, ಟಯರಿನ ಗೋಡೆ, ಕಾಯುತ್ತ ನಿಂತ ಆಂಬುಲೆನ್ಸ್ ಇರುತ್ತವೆ. ಘಟ್ಟದ ಅಂಚಿನಲ್ಲಿ ಕೆಲವು ಅಡಿ ಮಣ್ಣು, ಅದರಾಚೆ ಮರಗಳ ತಲೆ.

ಕಾಲಿಗೆ ಸಿಗುವ ಸೂಚನೆಗಳನ್ನು ಓದಲು ಕಲಿಯುವುದು ಕಷ್ಟವಲ್ಲ. ಪೆಡಲ್ ಮೆತ್ತಗಾಗಿ, ಮತ್ತೆ ಮತ್ತೆ ಒತ್ತಿದರೆ ಮೇಲೆ ಬಂದರೆ ಎಣ್ಣೆ ಕುದಿದಿದೆ ಅಥವಾ ಗಾಳಿ ಸೇರಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದು ಕಾರು ಮಾತ್ರ ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ, ಇಲ್ಲವೇ ಎಂಜಿನ್ ಬಂದಾಗಿ ಬೂಸ್ಟರ್ ಕೆಲಸ ನಿಲ್ಲಿಸಿದೆ. ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆ, ಅಥವಾ ಮಾಸ್ಟರ್ ಸಿಲಿಂಡರಿನ ವಾಶರ್ ಹೋಗಿದೆ. ಈ ಕೊನೆಯದನ್ನು ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಎಂಜಿನ್ ಚಾಲೂ ಇಟ್ಟು, ಅರ್ಧ ನಿಮಿಷ ಪೆಡಲನ್ನು ಗಟ್ಟಿಯಾಗಿ ಒತ್ತಿಹಿಡಿದರೆ ಆಯಿತು. ಆಮೇಲೆ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಟಾರ್ಚ್ ಹಿಡಿದು ಚಕ್ರದ ಹಿಂದೆ ಹೋಸನ್ನು ನೋಡುವುದು. ಇನ್ನೊಂದು ಕಡೆಗೂ ಹಾಗೆಯೇ. ಬಿರುಕು, ಉಬ್ಬು, ಸವೆದ ಗುರುತು, ಒದ್ದೆ. ಎಣ್ಣೆಯ ಮಟ್ಟ ಕೆಳಗಿದ್ದರೆ ಸುರಿದು ಸುಮ್ಮನಾಗಬಾರದು. ಒಂದೋ ಪ್ಯಾಡ್ ಸವೆದಿದೆ, ಇಲ್ಲವೇ ಸೋರುತ್ತಿದೆ, ಎರಡೂ ತಿಳಿಯಬೇಕಾದ ಸಂಗತಿಗಳೇ. ಡಿಸ್ಕ್ ಬ್ರೇಕಿನ ಬೈಕು, ಸ್ಕೂಟರುಗಳಿಗೂ ಇದೆಲ್ಲ ಅನ್ವಯಿಸುತ್ತದೆ. ಅವುಗಳಲ್ಲಿ ಎಣ್ಣೆ ಇರುವುದೇ ಒಂದು ಬೊಗಸೆಗಿಂತ ಕಡಿಮೆ, ಹಾಗಾಗಿ ಬೇಗ ಕೆಡುತ್ತದೆ. ಮುಂಚೆ ಇಲ್ಲದ ಎಬಿಎಸ್ ಈಗ ಬಂದಿದೆಯಲ್ಲ ಎನ್ನುವವರಿಗೆ: ಎಬಿಎಸ್ ಚಕ್ರ ಜಾರದಂತೆ ನೋಡಿಕೊಳ್ಳುತ್ತದೆ, ಕುದಿದ ಎಣ್ಣೆಯನ್ನು ತಣಿಸುವುದಿಲ್ಲ.

ಓಡಿಸುವ ಕ್ರಮದ ಬಗ್ಗೆ ಘಟ್ಟದ ಹಳೆಯ ಚಾಲಕರ ಒಂದೇ ಮಾತಿದೆ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಕಾರ್ಬುರೇಟರ್ ಕಾಲದ್ದು. ಈಗಿನ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟೊಡನೆ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೆ ಬಂದಾಗದಂತೆ ಇರಲು ಒಂದಿಷ್ಟು ಕುಡಿಯುತ್ತಲೇ ಇರಬೇಕು. ಕೀಲಿ ತಿರುಗಿಸಿ ಎಂಜಿನ್ನನ್ನೇ ಬಂದ್ ಮಾಡಿ ಇಳಿಸುವ ಶೂರರಿಗೆ ಬೂಸ್ಟರಿನಲ್ಲಿ ಉಳಿಯುವುದು ಒಂದೆರಡು ಒತ್ತಿನ ನಿರ್ವಾತ ಮಾತ್ರ, ಮೇಲಾಗಿ ಸ್ಟೀರಿಂಗ್ ಲಾಕ್ ಬೀಳುವ ಭಯ. ಬ್ರೇಕನ್ನು ಉದ್ದಕ್ಕೂ ಸವರುತ್ತ ಇಳಿಯುವುದಕ್ಕಿಂತ, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡುವುದು ಮೇಲು. ನಡುವೆ ಗಾಳಿಗೆ ತಣಿಯಲು ಅವಕಾಶ ಸಿಗುತ್ತದೆ. ಫೋಟೊಕ್ಕೆ ನಿಲ್ಲುವುದಾದರೆ ಘಟ್ಟ ಇಳಿಯುವ ಮೊದಲೇ ನಿಲ್ಲಬಹುದು. ನಡುವೆ ನಿಂತದ್ದೇ ಆದರೆ, ಹೊರಡುವ ಮುಂಚೆ, ಕಾರು ಇನ್ನೂ ನಿಂತಿರುವಾಗಲೇ ಪೆಡಲ್ ಒತ್ತಿ ನೋಡಬೇಕು. ಮೆತ್ತಗಿದ್ದರೆ ಇನ್ನರ್ಧ ಗಂಟೆ ಕಾಯಬೇಕು. ನೆಂಟರ ಮನೆಯ ಊಟ ತಡವಾಗಲಿ.

ನಡುದಾರಿಯಲ್ಲಿ ಪೆಡಲ್ ಕೈಕೊಟ್ಟರೆ? ಬೇಗ ಬೇಗ ಒತ್ತಿ ಬಿಟ್ಟು ಮಾಡುವುದು ಮೊದಲು. ಜೊತೆಗೇ ಒಂದೊಂದೇ ಗೇರ್ ಕೆಳಗಿಳಿಸುವುದು. ಹ್ಯಾಂಡ್ ಬ್ರೇಕ್ ಕೇಬಲ್ಲಿನದು, ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಅದರ ಗುಂಡಿಯನ್ನು ಒತ್ತಿಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಎಳೆಯಬೇಕು. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಬಿಗಿದು ಕಾರು ತಿರುಗಿಬಿಡುತ್ತದೆ. ಗುಂಡಿ ಒತ್ತುವ ವಿದ್ಯುತ್ ಹ್ಯಾಂಡ್ ಬ್ರೇಕ್ ಇರುವ ಕಾರುಗಳಲ್ಲಿ ಅದನ್ನು ಹಿಡಿದೇ ಇಟ್ಟರೆ ತುರ್ತಾಗಿ ನಿಲ್ಲಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ, ಕಾರಿನ ಕೈಪಿಡಿಯಲ್ಲಿ ಮೊದಲೇ ಓದಿಕೊಂಡಿರಬೇಕು. ಹಾರ್ನು, ದೀಪ. ಯಾವುದೂ ಸಾಲದೆಹೋದರೆ ಗುಡ್ಡದ ಕಡೆಯ ಚರಂಡಿಗೆ, ಧರೆಗೆ ಕಾರನ್ನು ಓರೆಯಾಗಿ ಒರೆಸುವುದು. ಬಾಗಿಲು ಜಜ್ಜಿಹೋದ ಕಾರನ್ನು ನೋಡಿ ಬಯ್ಯುವ ಅಪ್ಪಂದಿರು ಕಣಿವೆಯ ಕಡೆಗೆ ಒಮ್ಮೆ ಇಣುಕಿ ಆಮೇಲೆ ಬಯ್ಯಲಿ.

ಎಣ್ಣೆ ಬದಲಿಸುವುದನ್ನು ಮಕ್ಕಳು ಒಮ್ಮೆ ಕಣ್ಣಾರೆ ನೋಡಬೇಕು. ಪರಿಚಿತ ಮೆಕ್ಯಾನಿಕ್ ಒಬ್ಬರ ಗ್ಯಾರೇಜಿನಲ್ಲಿ ಒಂದು ಬಿಡುವಿನ ಬೆಳಿಗ್ಗೆ ಸಾಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ಚಕ್ರದ ಬಳಿ ಬ್ಲೀಡಿಂಗ್ ನಿಪ್ಪಲ್ ಸಡಿಲಿಸುತ್ತಾರೆ. ಪಾರದರ್ಶಕ ನಳಿಗೆಯಲ್ಲಿ ಹಳೆಯ ಎಣ್ಣೆ ಕಷಾಯದ ಬಣ್ಣದಲ್ಲಿ ಇಳಿದು ಬರುತ್ತದೆ. ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು, ಇಲ್ಲವಾದರೆ ಗಾಳಿ ಒಳಗೆ ಹೋಗುತ್ತದೆ. ‘ಒತ್ತು’, ‘ಬಿಡು’ ಎಂಬ ಎರಡೇ ಮಾತಿನ ಸಂಭಾಷಣೆ. ಬಹಳಷ್ಟು ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭ. ಕೆಲವು ಕಂಪನಿಗಳ ಕ್ರಮ ಬೇರೆ. ನಡುವೆ ಮೇಲಿನ ಡಬ್ಬಿ ಬರಿದಾಗಲು ಬಿಟ್ಟರೆ ಎಬಿಎಸ್ ಘಟಕದೊಳಗೆ ಗಾಳಿ ಸೇರಿ, ಅದನ್ನು ಹೊರಡಿಸಲು ಕಂಪ್ಯೂಟರ್ ಇರುವ ಸರ್ವೀಸ್ ಸೆಂಟರಿಗೇ ಹೋಗಬೇಕಾದೀತು. ಚೆಲ್ಲಿದ ಎಣ್ಣೆ ಕಾರಿನ ಬಣ್ಣವನ್ನು ಕಿತ್ತುಹಾಕುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು. ನಾಲ್ಕೂ ಚಕ್ರ ಮುಗಿದು ಪೆಡಲ್ ಗಟ್ಟಿಯಾದ ಸಂತೋಷದಲ್ಲಿ ಹಲವರು ಒಂದು ಸಣ್ಣ ಕೆಲಸ ಮರೆಯುತ್ತಾರೆ. ಪ್ರತಿ ನಿಪ್ಪಲ್ಲಿಗೂ ಒಂದು ಪುಟ್ಟ ರಬ್ಬರ್ ಟೊಪ್ಪಿಗೆ ಇರುತ್ತದೆ. ಅದನ್ನು ಹಾಕದೆ ಬಿಟ್ಟರೆ ಮಳೆಗಾಲದ ಕೆಸರು ಒಳಹೊಕ್ಕು ತುಕ್ಕು ಹಿಡಿದು, ಮುಂದಿನ ಜಾತ್ರೆಯ ಹೊತ್ತಿಗೆ ನಿಪ್ಪಲ್ ತಿರುಗುವುದೇ ಇಲ್ಲ.